ಮೊಳಕೆ ಬಂದರೆ ಸಾಕೇ?
(ಬೆಳ್ಳಿಹಬ್ಬದ ಕೃಷಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ನಮಗೆಲ್ಲ ಗೊತ್ತಿರುವ ಮದ್ದು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲೇ ಈ ರೋಗದ ಬಗ್ಗೆ ವರದಿ ಪ್ರಕಟಿಸಿದ್ದರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಆ 1 ಕಿಲೋದಲ್ಲಿ ಸುಮಾರು 250 ಗ್ರಾಂ ತಾಮ್ರ. ವರ್ಷಕ್ಕೆ 10 ಕಿಲೋ ಮೈಲುತುತ್ತು ಹಾಕುವ ತೋಟಕ್ಕೆ 25 ವರ್ಷಗಳಲ್ಲಿ 62 ಕಿಲೋ ತಾಮ್ರ ಬಿತ್ತು! ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಬಹುಪಾಲು ಮೇಲ್ಮಣ್ಣಿನಲ್ಲೇ ಕೂತಿರ್ತದೆ. ಮದ್ದು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಲೆಕ್ಕ ಇಡಿ ಎನ್ನುತ್ತೇನೆ.

ಇಂಥ ಮಣ್ಣಿನಲ್ಲಿ ಬೀಜ ಹುಟ್ಟುತ್ತದೆಯೇ? ಹೆಚ್ಚಾಗಿ ಹುಟ್ಟುತ್ತದೆ. ಸಿಪ್ಪೆ ಲೋಹವನ್ನು ಸ್ವಲ್ಪ ತಡೆಯುತ್ತದೆ, ಒಳಗೆ ತಾಯಿ ಕೊಟ್ಟ ಬುತ್ತಿಯೂ ಇದೆ. ತೊಂದರೆ ಶುರುವಾಗುವುದು ಬೇರು ಹೊರಗೆ ಬಂದ ಮೇಲೆ. ತಾಮ್ರ ಹೆಚ್ಚಾದರೆ ಬೇರು ಗಿಡ್ಡವಾಗಿ, ಕಂದಾಗಿ ನಿಂತುಬಿಡ್ತದೆ. ನಾವು "ಬೀಜ ಸರಿಯಿಲ್ಲ" ಎಂದು ಸಂಘದ ಗುಮಾಸ್ತರಲ್ಲಿ ಜಗಳಕ್ಕೆ ಹೋಗುತ್ತೇವೆ!

ಜಗಳಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಒಂದೇ ಪೊಟ್ಟಣದ 50 ಅಲಸಂಡೆ ಬೀಜ ತೆಗೆದುಕೊಳ್ಳಿ. 25 ಬೀಜವನ್ನು ಒದ್ದೆ ಬಟ್ಟೆಯಲ್ಲಿ, 25 ಬೀಜವನ್ನು ತೋಟದ ಮಣ್ಣಿನಲ್ಲಿ ಇಡಿ. ವಾರದ ಬಳಿಕ ಎಣಿಸಿ, ಬೇರನ್ನೂ ನೋಡಿ. ಬಟ್ಟೆಯಲ್ಲೇ ಹುಟ್ಟದಿದ್ದರೆ ಬೀಜ ಹಳತು. ಬಟ್ಟೆಯಲ್ಲಿ ಬೇರು ಉದ್ದ, ಮಣ್ಣಿನಲ್ಲಿ ಗಿಡ್ಡವಾದರೆ ಮಣ್ಣಿನ ಮೇಲೆ ಸಂಶಯಪಡಿ. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಲು ಹೇಳಿ. ನಮ್ಮದು ಹುಳಿಮಣ್ಣು, ಹುಳಿ ಹೆಚ್ಚಿದಷ್ಟೂ ತಾಮ್ರ ಬೇರಿಗೆ ಸುಲಭವಾಗಿ ಸಿಗ್ತದೆ. ಪರೀಕ್ಷೆ ನೋಡಿ ಸುಣ್ಣ, ಜೊತೆಗೆ ಧಾರಾಳ ಹಟ್ಟಿಗೊಬ್ಬರ ಹಾಕಿದರೆ ಅದರ ಉಪದ್ರ ಕಡಿಮೆಯಾಗುತ್ತದೆ.

ಇನ್ನು ಇದರ ಉಲ್ಟಾ ಸಂಗತಿ. ಕೆಲವು ಗಿಡಗಳು ಲೋಹವನ್ನು ಉಂಡೂ ಸುಖವಾಗಿರುತ್ತವೆ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಒಂದು ಕಾಡುಮರದ ಮೇಣ ನೀಲಿ-ಹಸಿರು. ಒಣಗಿಸಿದರೆ ಅದರ ಕಾಲು ಪಾಲು ನಿಕ್ಕಲ್ ಎಂದು 1976ರಲ್ಲಿ ವಿಜ್ಞಾನಿಗಳು ತಿಳಿಸಿದರು. ನಿಕ್ಕಲ್ ಕೂಡಿಡುವ ಕೆಲವು ಗಿಡಗಳ ಬೀಜದಲ್ಲೂ ನಿಕ್ಕಲ್ ಇರ್ತದೆ, ಆದರೂ ಮೊಳೆಯುತ್ತದೆ.

ನಮ್ಮ ಹರಿವೆಯದ್ದು ಅಷ್ಟು ದೊಡ್ಡ ಹೊಟ್ಟೆಯಲ್ಲ. ಆದರೆ ಕ್ಯಾಡ್ಮಿಯಂ ಇರುವ ಮಣ್ಣಿನಲ್ಲಿ ಅದನ್ನು ಎಲೆಗೆ ಎಳೆದುಕೊಂಡೂ ಹಸಿರಾಗಿ ಕಾಣಬಲ್ಲದು. 2019ರ ಮಳೆಗಾಲದಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ತೋಟಗಳ ಮೇಲೆ ಬಂದದ್ದು ನೆನಪಿರಬೇಕು. ಬ್ಯಾಟರಿ, ಬಣ್ಣದ ಡಬ್ಬಿ ಎಲ್ಲ ಸೇರಿದ ಪೇಟೆಯ ಕಸ ಗೊಬ್ಬರದಂತೆ ಕಂಡರೂ ಗೊಬ್ಬರವಲ್ಲ. ಅಂಥ ಮಣ್ಣಿನಲ್ಲಿ ಸೊಪ್ಪು ಸೊಂಪಾಗಿ ಬಂತು ಎಂದು ಮಕ್ಕಳಿಗೆ ಬಡಿಸಬೇಡಿ. ಸೊಪ್ಪಿನ ಸಾಲಿಗೆ ಶುದ್ಧ ಮಣ್ಣು, ಹಟ್ಟಿಗೊಬ್ಬರವೇ ಇರಲಿ.

ಮೊಳಕೆ ಬೀಜದ ಜೀವವನ್ನು ಹೇಳುತ್ತದೆ, ಮಣ್ಣಿನ ಆರೋಗ್ಯವನ್ನಲ್ಲ. ಮಣ್ಣು ಪರೀಕ್ಷೆಗೆ ಹತ್ತು ಮನೆಯವರು ಒಟ್ಟಾಗಿ ಹೋದರೆ ಕೆಲಸ ಸುಲಭ. ಸಹಕಾರ ಎಂದರೆ ಅದೇ ಅಲ್ವಾ?