ಪಟ್ಟಾಭಿರಾಮ ರೆಡ್ಡಿ: ಕವಿತೆಯಿಂದ ಚಲನಚಿತ್ರಕ್ಕೆ



ಪ್ರಯೋಗಾಲಯದಲ್ಲಿ ನೀವು ಮಾಡುವುದೇನು? ಹಲವು ಅಂಶಗಳಲ್ಲಿ ಒಂದನ್ನು ಬದಲಿಸಿ, ಉಳಿದವನ್ನು ಹಾಗೆಯೇ ಇಟ್ಟು, ಏನಾಗುತ್ತದೆಂದು ನೋಡುತ್ತೀರಿ. ಬಿ.ಎಸ್ಸಿ. ಓದಿ ದೂರದರ್ಶನಕ್ಕೆ ಬಂದ ನನಗೆ 'ಪ್ರಯೋಗಶೀಲ ಚಿತ್ರ' ಎಂಬ ಮಾತು ಕೇಳಿದಾಗಲೆಲ್ಲ ಇದೇ ನೆನಪಾಗುತ್ತದೆ. ಅರ್ಥವಾಗದ ಸಿನಿಮಾಕ್ಕೆಲ್ಲ ಪ್ರಯೋಗವೆಂದು ಹೆಸರಿಡುವ ರೂಢಿ ನಮ್ಮಲ್ಲಿದೆ. ನನಗದು ಒಪ್ಪಿಗೆಯಿಲ್ಲ. ಕಲಾವಿದ ಏನನ್ನು ತೆಗೆದುಹಾಕಿದ, ತೆಗೆದ ಮೇಲೆ ಏನು ಕಂಡಿತು ಎಂಬುದು ನಮಗೆ ತಿಳಿಯಬೇಕು. ತಿಕ್ಕವರಪು ಪಟ್ಟಾಭಿರಾಮ ರೆಡ್ಡಿಯವರ ಬದುಕಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಅವರು ಹುಟ್ಟಿದ್ದು 1919ರಲ್ಲಿ, ನೆಲ್ಲೂರಿನಲ್ಲಿ. ಶಾಂತಿನಿಕೇತನದಲ್ಲೂ ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೂ ಓದಿದರು. 1939ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, 'ಫಿಡೇಲು ರಾಗಾಲ ಡಜನ್' ಎಂಬ ತೆಲುಗು ಕವನ ಸಂಕಲನ ಪ್ರಕಟಿಸಿದರು. ಹೆಸರಿನಲ್ಲೇ ಎರಡು ಇಂಗ್ಲಿಷ್ ಪದಗಳು! ಛಂದಸ್ಸಿನ ಕಟ್ಟನ್ನು ಸಡಿಲಿಸಿ, ಮದರಾಸಿನ ಬೀದಿಯ ಮಾತನ್ನು ಅವರು ಪದ್ಯದೊಳಗೆ ತಂದರು. ಮುನ್ನುಡಿ ಬರೆದವರು ಮಹಾಕವಿ ಶ್ರೀಶ್ರೀ.

ಆಮೇಲೆ ಸಿನಿಮಾ. 1958ರಲ್ಲಿ ಕೆ.ವಿ. ರೆಡ್ಡಿಯವರು ನಿರ್ದೇಶಿಸಿದ 'ಪೆಳ್ಳಿನಾಟಿ ಪ್ರಮಾಣಾಲು' ಚಿತ್ರದ ನಿರ್ಮಾಣದಲ್ಲಿ ಇವರಿದ್ದರು. ಜನಪ್ರಿಯ ಚಿತ್ರದ ಒಳಹೊರಗು ಬಲ್ಲವರು ಎಂಬುದನ್ನು ನೆನಪಿಡಿ. ಮುಂದೆ ಅದರ ಸಾಮಗ್ರಿಯನ್ನೆಲ್ಲ ಅವರು ಕೈಬಿಟ್ಟದ್ದು ತಿಳಿಯದೆ ಅಲ್ಲ.

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ 1965ರಲ್ಲಿ ಬಂತು. ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರ ಕೆಟ್ಟವನ ಹೆಣವನ್ನು ಸುಡುವವರು ಯಾರು? ಹೆಣ ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ. ಇದನ್ನು ಪಟ್ಟಾಭಿ ತಮ್ಮ ಮಾತೃಭಾಷೆಯಲ್ಲದ ಕನ್ನಡದಲ್ಲಿ ಚಿತ್ರ ಮಾಡಿದರು. ನಮ್ಮ ಹಳ್ಳಿಮೈಸೂರು, ಹೊಳೆನರಸೀಪುರದ ಕಡೆ 'ಹಾಡು ಚೆನ್ನಾಗಿದೆಯಾ?' ಎಂದು ಕೇಳಿಯೇ ಸಿನಿಮಾಕ್ಕೆ ಹೊರಡುವವರಿದ್ದಾರೆ. ಈ ಚಿತ್ರದಲ್ಲಿ ಹಾಡೇ ಇಲ್ಲ. ಸ್ಟುಡಿಯೋ ಸೆಟ್ಟೂ ಇಲ್ಲ. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಣ ನಡೆಯಿತು. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಪಟ್ಟಾಭಿಯವರ ಪತ್ನಿ ಸ್ನೇಹಲತಾ ರೆಡ್ಡಿ. ಸಂಗೀತ ರಾಜೀವ್ ತಾರಾನಾಥರದು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಹೊರನಾಡಿನ ಕಣ್ಣಿಗೆ ನಮ್ಮ ಜಗಲಿ, ಕಂಬ, ಹಿತ್ತಿಲು ಯಾವುದೂ ಹಳತಾಗಿರಲಿಲ್ಲ ಎಂದು ನನಗನ್ನಿಸುತ್ತದೆ.

ಸೆನ್ಸಾರ್ ಮಂಡಳಿ ಮೊದಲು ಚಿತ್ರವನ್ನು ತಡೆಯಿತು. ತಡೆ ತೆರವಾಗಿ ಬಿಡುಗಡೆಯಾದ ಮೇಲೆ, 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಕನ್ನಡಕ್ಕೆ ಆ ಗೌರವ ಅದೇ ಮೊದಲು.

ಇಷ್ಟಕ್ಕೇ ಕಥೆ ಮುಗಿಯುವುದಿಲ್ಲ. ಪಟ್ಟಾಭಿ ದಂಪತಿಗಳು ಡಾ. ರಾಮಮನೋಹರ ಲೋಹಿಯಾರ ಆಪ್ತರು. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಸ್ನೇಹಲತಾರನ್ನು ಬಂಧಿಸಲಾಯಿತು. ಅವರಿಗೆ ತೀವ್ರ ಆಸ್ತಮಾ ಇತ್ತು. ವಿಚಾರಣೆಯಿಲ್ಲದೆ ಬೆಂಗಳೂರು ಸೆರೆಮನೆಯಲ್ಲಿ ಎಂಟು ತಿಂಗಳು ಕಳೆದರು. ಅಲ್ಲಿ ದಿನಚರಿ ಬರೆದರು. ದೇಹಸ್ಥಿತಿ ತೀರಾ ಹದಗೆಟ್ಟ ಮೇಲೆ, 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದೇ ದಿನಗಳಲ್ಲಿ, ಜನವರಿ 20ರಂದು, ತೀರಿಕೊಂಡರು. ತೆರೆಯ ಮೇಲೆ, ಯಾರೂ ಮುಟ್ಟಲೊಲ್ಲದ ಹೆಣಕ್ಕೆ ಗತಿ ಕಾಣಿಸುವ ಚಂದ್ರಿ ಇವರೇ ಎಂಬುದನ್ನು ಚಿತ್ರ ನೋಡುವಾಗ ನನಗೆ ಮರೆಯಲಾಗುವುದಿಲ್ಲ.

ಪಟ್ಟಾಭಿ ಕೆಲಸ ನಿಲ್ಲಿಸಲಿಲ್ಲ. 'ಚಂಡಮಾರುತ', 'ಶೃಂಗಾರ ಮಾಸ', 1993ರ 'ದೇವರ ಕಾಡು' ಕನ್ನಡದಲ್ಲೇ ಬಂದವು. 2006ರ ಮೇ 6ರಂದು ಬೆಂಗಳೂರಿನಲ್ಲಿ ನಿಧನರಾದರು.

'ಸಂಸ್ಕಾರ' ಕಾದಂಬರಿ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇದ್ದೀತು. ಆದರೆ ಚಿತ್ರವನ್ನೇ ಮೊದಲು ನೋಡಿ. ಪುಸ್ತಕದಲ್ಲಿ ಆಚಾರ್ಯರ ಮನಸ್ಸಿನೊಳಗೆ ಪುಟಗಟ್ಟಲೆ ನಡೆಯುವ ತಳಮಳ, ತೆರೆಯ ಮೇಲೆ ಮಾತಿಲ್ಲದೆ ಎಲ್ಲೆಲ್ಲಿ ಕಂಡಿತೆಂದು ಆಮೇಲೆ ಓದುವಾಗ ಗುರುತು ಹಾಕಿಕೊಳ್ಳಿ.