ಕರಿಮಣ್ಣಿನಿಂದ ಹಟ್ಟಿಯ ಚಿನ್ನದವರೆಗೆ



ಬೆಟ್ಟದ ನಡುವಿನ ಗಣಿ ಊರು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕುದುರೆಮುಖ. 2005ರ ಕೊನೆಗೆ ಅಲ್ಲಿ ಅದಿರು ತೆಗೆಯುವುದು ನಿಂತಿತು. ಮಂಜು, ಕಾಡು, ತಿರುವುಗಳ ದಾರಿ ಉಳಿಯಿತು. ಆಳಂದ, ಅಫಜಲಪುರ, ಜೇವರ್ಗಿಯ ತರುಣರೂ ಮೋಟಾರ್ ಸೈಕಲ್ ಏರಿ ಅಷ್ಟು ದೂರ ಹೋಗಿಬರುವುದುಂಟು. ತಮ್ಮ ಕಡೆ ನೋಡುವುದೇನಿದೆ, ಬರೀ ಬಿಸಿಲು, ತೊಗರಿ ಹೊಲ ಎಂಬುದು ಸಾಮಾನ್ಯ ಮಾತು. ಆದರೆ ಇವರ ಮನೆಯಿಂದ ದಕ್ಷಿಣಕ್ಕೆ ಒಂದು ದಿನದ ದಾರಿಯಲ್ಲಿ, ಎರಡು ಸಾವಿರ ವರ್ಷಗಳ ಹಿಂದೆಯೇ ಮನುಷ್ಯರು ಅಗೆದ ಗಣಿಯೊಂದಿದೆ. ಅದು ರಾಯಚೂರು ಜಿಲ್ಲೆಯ ಹಟ್ಟಿ.

ಈ ದಾರಿಯ ಸೊಗಸು ಇರುವುದು ಹಸಿರಿನಲ್ಲಲ್ಲ, ಕಲ್ಲಿನಲ್ಲಿ. ಆಳಂದದಿಂದ ಹೊರಟಾಗ ಎರಡೂ ಬದಿಗೆ ಕರಿಮಣ್ಣು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಸವೆದು ಆದ ಮಣ್ಣು ಇದು. ತೊಗರಿಗೆ ಕಲಬುರಗಿ ಹೆಸರಾದದ್ದು ಇದರಿಂದಲೇ. ಆಳಂದದ ಕಡೆಯಿಂದ ಬರುವ ಅಮರ್ಜಾ ಹೊಳೆ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಫಜಲಪುರದ ಸೀಮೆಯಿಂದ ಜೇವರ್ಗಿಯತ್ತ ಸಾಗುವಾಗ ಕಬ್ಬಿನ ಹೊಲಗಳು ಜೊತೆಯಾಗುತ್ತವೆ.

ಭೀಮೆಯ ಸೀಮೆಯಲ್ಲಿ ನೆಲದ ಗುಣ ಬದಲಾಗುತ್ತದೆ. ಲಾವಾದ ಹೊದಿಕೆ ತೆಳುವಾದಲ್ಲಿ ಪದರ ಪದರವಾದ ಸುಣ್ಣಕಲ್ಲು ಮೇಲೆ ಬರುತ್ತದೆ. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಇದೇ ಬಳಗದ್ದು. ನೂರು ಕೋಟಿ ವರ್ಷಗಳ ಆಸುಪಾಸಿನಲ್ಲಿ ಇಲ್ಲಿದ್ದ ಕಡಲಿನ ತಳದಲ್ಲಿ ಕೂತ ಕೆಸರೇ ಈ ಕಲ್ಲಾಗಿದೆ.

ಜೇವರ್ಗಿಯಿಂದ ಶಹಾಪುರದ ಹೆದ್ದಾರಿ ಹಿಡಿದರೆ ಬಯಲು ಮುಗಿದು ಗುಂಡುಗಲ್ಲಿನ ಬೆಟ್ಟಗಳು ಏಳುತ್ತವೆ. ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಸಮೀಪದ ಗೋಗಿಯಲ್ಲಿ ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರ ಗೋರಿಗಳಿವೆ. ಮುಂದೆ ಸಿಗುವ ಸುರಪುರ, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಊರು. ಅವನನ್ನು ಬಾಲ್ಯದಲ್ಲಿ ಬಲ್ಲ ಅಧಿಕಾರಿ ಮೆಡೋಸ್ ಟೇಲರನ ಬಂಗಲೆ ಗುಡ್ಡದ ಮೇಲಿದೆ. ಈ ಬೆಟ್ಟಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಆಳಂದದಲ್ಲಿ ಬೆಳಿಗ್ಗೆ ಗಾಡಿ ಹತ್ತಿದವನು ಸಂಜೆಯೊಳಗೆ ಭೂಮಿಯ ಚರಿತ್ರೆಯಲ್ಲಿ ಅಷ್ಟು ಹಿಂದಕ್ಕೆ ಹೋಗಿರುತ್ತಾನೆ.

ತಿಂಥಣಿಯಲ್ಲಿ ಮೌನೇಶ್ವರನ ಸನ್ನಿಧಿ, ಕೃಷ್ಣೆಯ ದೊಡ್ಡ ಸೇತುವೆ. ಹೊಳೆ ದಾಟಿ ಗುರುಗುಂಟಾದ ಕಡೆಯಿಂದ ಹೊರಳಿದರೆ ಹಟ್ಟಿ. ಇಲ್ಲಿ ಗ್ರಾನೈಟಿನ ನಡುವೆ ಕಪ್ಪು ಹಸಿರು ಬಣ್ಣದ ಶಿಲೆಯ ಪಟ್ಟಿಯೊಂದು ಮಸ್ಕಿಯವರೆಗೆ ಹಬ್ಬಿದೆ. ಅದರೊಳಗಿನ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನವಿದೆ. ಒಂದು ಟನ್ ಅದಿರು ಪುಡಿಮಾಡಿದರೆ ಸಿಗುವುದು ಕೆಲವೇ ಗ್ರಾಂ.

ಇಪ್ಪತ್ತನೆಯ ಶತಮಾನದ ಎಂಜಿನಿಯರರು ಇಲ್ಲಿ ಬಾವಿ ತೋಡಿದಾಗ ಪ್ರಾಚೀನರ ಸುರಂಗಗಳು ಎದುರಾದವು. ಕೆಲವು 600 ಅಡಿಗೂ ಆಳ. ಒಳಗೆ ಸಿಕ್ಕ ಮರದ ತುಂಡುಗಳ ಕಾಲ ಪರೀಕ್ಷಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷ ಹಳೆಯವೆಂದು ತಿಳಿಯಿತು. ಮದ್ದಿಲ್ಲದ ಕಾಲ ಅದು. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ತಣ್ಣೀರು ಎರಚಿ, ಬಿರುಕು ಬಿಟ್ಟ ಕಲ್ಲನ್ನು ಕಿತ್ತು ಇಳಿದರು. ಅಷ್ಟು ಆಳದಲ್ಲಿ ಹೊಗೆ ಹೇಗೆ ಹೊರಹೋಯಿತು, ನೀರನ್ನು ಯಾರು ಹೊತ್ತರು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

1947ರಲ್ಲಿ ನಿಜಾಮರ ಸಂಸ್ಥಾನದಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಹುಟ್ಟಿತು. 1956ರ ಬಳಿಕ ಅದು ಮೈಸೂರು ರಾಜ್ಯದ ಪಾಲಾಯಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿತು, ಹಟ್ಟಿ ನಡೆದೇ ಇದೆ. ಹೀಗಾಗಿ ಇದು ಬಿಟ್ಟುಹೋದ ಊರಲ್ಲ. ಪಾಳಿ ಮುಗಿಸಿ ಬರುವ ಕಾರ್ಮಿಕರ ಊರು. ಅನುಮತಿಯಿಲ್ಲದೆ ಗಣಿಯೊಳಗೆ ಪ್ರವೇಶವಿಲ್ಲ; ಹೊರಗಿನಿಂದ ನೋಡಿ ಬರಬೇಕು.

ಹೋಗಲು ಮಳೆಗಾಲ ಮುಗಿದ ಮೇಲಿನ ತಿಂಗಳುಗಳೇ ಲೇಸು. ಬೇಸಿಗೆಯ ಬಿಸಿಲು ಗಾಡಿಯನ್ನೂ ಸವಾರನನ್ನೂ ದಣಿಸುತ್ತದೆ. ಮಳೆಯಲ್ಲಿ ಎರೆಮಣ್ಣು ಗಾಲಿಗೆ ಅಂಟಿ ಜಾರಿಸುತ್ತದೆ. ಕಬ್ಬು ಕಟಾವಿನ ದಿನಗಳಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಎದುರಾಗಬಹುದು, ಕತ್ತಲಾದ ಮೇಲೆ ಓಡಿಸದಿರುವುದು ಕ್ಷೇಮ. ತಲೆಗೆ ಹೆಲ್ಮೆಟ್, ಚೀಲದಲ್ಲಿ ನೀರು ಇರಲೇಬೇಕು.

ಸಮಯವಿದ್ದರೆ ಮಸ್ಕಿಗೂ ಹೋಗಬೇಕು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅಲ್ಲಿ ಕಂಡ ಬಂಡೆಯ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ಅದಕ್ಕೆ ಮುಂಚೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದಿನ ದೊರೆ ಅಶೋಕನೇ ಎಂಬುದು ಇಲ್ಲಿ ಗಟ್ಟಿಯಾಯಿತು. ಮೌರ್ಯರನ್ನು ಇಷ್ಟು ದೂರ ಕರೆತಂದದ್ದು ಈ ನೆಲದ ಚಿನ್ನವೇ ಎಂದು ಊಹಿಸಿದ ವಿದ್ವಾಂಸರಿದ್ದಾರೆ.

ದೊರೆಯ ಹೆಸರು ಬಂಡೆಯ ಮೇಲೆ ಉಳಿಯಿತು. ಬೆಂಕಿ, ನೀರು ಹೊತ್ತು ಪಾತಾಳಕ್ಕಿಳಿದವರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ. ಅವರು ತೋಡಿದ ಕತ್ತಲೆಯ ಸುರಂಗಗಳೇ ಅವರ ಶಾಸನ. ಬರದ ನಾಡು ಎಂದು ಕರೆಸಿಕೊಂಡ ಈ ಸೀಮೆಯ ಮಕ್ಕಳು ದೂರದ ಬೆಟ್ಟಗಳಿಗೆ ಹೋಗುವ ಮುನ್ನ ಒಮ್ಮೆ ಈ ದಾರಿಯನ್ನು ಓದಿಕೊಳ್ಳುವುದು ಒಳ್ಳೆಯದು.