ಮೆಕ್ಕೆಜೋಳದ ಕಾಳಿನಲ್ಲಿ ಕೋಳಿಗೆ ಸಿಗುವುದೇನು?



ಮುಂಗಾರಿನ ಬೆಳೆ ಕೈಗೆ ಬರುವ ಹೊತ್ತಿಗೆ ಬಳ್ಳಾರಿಯಿಂದ ಕುಡತಿನಿ ದಾಟಿ ಹೊಸಪೇಟೆಯ ಕಡೆ ಹೊರಟರೆ ಅಲ್ಲಲ್ಲಿ ಮೆಕ್ಕೆಜೋಳ ಹರವಿ ಒಣಗಿಸುವುದನ್ನು ನೋಡುತ್ತೀರಿ. ಇದರಲ್ಲಿ ನಮ್ಮ ಅಡುಗೆಮನೆ ಸೇರುವುದು ಅಲ್ಪ. ದೊಡ್ಡ ಪಾಲು ಕೋಳಿಗಳ ಮೇವಾಗುತ್ತದೆ. ಮೊಟ್ಟೆಯ ದಿನದ ದರ ಹೊರಡುವ ದೇಶದ ಕೇಂದ್ರಗಳಲ್ಲಿ ಹೊಸಪೇಟೆಯೂ ಒಂದು. ಕೋಳಿ ಫೀಡಿನಲ್ಲಿ ನೂರಕ್ಕೆ ಐವತ್ತೈದರಿಂದ ಅರವತ್ತೈದು ಪಾಲು ಮೆಕ್ಕೆಜೋಳವೇ. ಹಾಗಾಗಿ ಜೋಳದ ಗುಣ ಕೆಟ್ಟರೆ ಮೊಟ್ಟೆಯ ಲೆಕ್ಕವೂ ಕೆಟ್ಟಂತೆಯೇ.

ಕೋಳಿಗೆ ಈ ಕಾಳು ಮೊದಲು ಕೊಡುವುದು ಶಕ್ತಿ: ಕಿಲೋಗೆ ಸುಮಾರು 3,300 ಕಿಲೋಕ್ಯಾಲರಿ. ಹಳದಿ ಕಾಳಿನ ಬಣ್ಣದ ವಸ್ತುಗಳಿಂದ ಮೊಟ್ಟೆಯ ಭಂಡಾರಕ್ಕೂ ಬಣ್ಣ ಬರುತ್ತದೆ. ಬಿಳಿಜೋಳವನ್ನೋ ನುಚ್ಚಕ್ಕಿಯನ್ನೋ ಮಾತ್ರ ತಿಂದ ಕೋಳಿಯ ಭಂಡಾರ ಪೇಲವವಾಗಿರುತ್ತದೆ. ಪ್ರೊಟೀನು ಮಾತ್ರ ನೂರಕ್ಕೆ ಎಂಟು ಒಂಬತ್ತು ಭಾಗ. ಅದರ ದೊಡ್ಡ ಪಾಲು ಝೀನ್ ಎಂಬ ಪ್ರೊಟೀನು; ಅದರಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ. ಲೈಸೀನ್ ಸಾಲದಿದ್ದರೆ ಮರಿ ಎಷ್ಟು ತಿಂದರೂ ಮೈ ಹಿಡಿಯುವುದಿಲ್ಲ. ಈ ಕೊರತೆಯನ್ನು ತುಂಬಲೆಂದೇ ಫೀಡಿಗೆ ಸೋಯಾ ಹಿಂಡಿ ಸೇರಿಸುವುದು, ಮತ್ತು ಫೀಡಿನ ಖರ್ಚು ಏರುವುದೂ ಅಲ್ಲಿಯೇ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಎಡ್ವಿನ್ ಮರ್ಟ್ಜ್ ಮತ್ತು ಸಂಗಡಿಗರು 1964ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಒಪೇಕ್-2 ಎಂಬ ಗುಣವಿರುವ ಮೆಕ್ಕೆಜೋಳದಲ್ಲಿ ಝೀನ್ ಕಡಿಮೆ, ಲೈಸೀನ್ ಹೆಚ್ಚು. ಆದರೆ ಆ ಕಾಳನ್ನು ಬೆಳಕಿಗೆ ಹಿಡಿದರೆ ಹೊಳಪಿಲ್ಲದೆ ಸುಣ್ಣದಂತೆ ಕಾಣುತ್ತಿತ್ತು. ಮೆತ್ತಗಿನ ಕಾಳಾದ್ದರಿಂದ ಹುಳು ಬೇಗ ಹಿಡಿಯುತ್ತಿತ್ತು, ಇಳುವರಿಯೂ ಇಳಿಯುತ್ತಿತ್ತು. ನಮ್ಮ ದೇಶದಲ್ಲಿ 1970ರ ಸುಮಾರಿಗೆ ಬಂದ ಶಕ್ತಿ, ರತನ್, ಪ್ರೊಟೀನಾ ತಳಿಗಳು ರೈತರ ಹೊಲದಲ್ಲಿ ನಿಲ್ಲದೆ ಹೋದದ್ದು ಇದೇ ಕಾರಣಕ್ಕೆ. ಮೆಕ್ಸಿಕೋದಲ್ಲಿ ದುಡಿದ ನಮ್ಮ ಸುರಿಂದರ್ ವಾಸಲ್ ಮತ್ತು ಎವಾಂಜೆಲಿನಾ ವಿಲ್ಲೆಗಾಸ್ ಲೈಸೀನ್ ಉಳಿಸಿಕೊಂಡೇ ಕಾಳನ್ನು ಗಟ್ಟಿ ಮಾಡಿದರು. ವರ್ಷಗಟ್ಟಲೆ ಒಂದೊಂದು ಕಾಳನ್ನೂ ಬೆಳಕಿಗಿಟ್ಟು ಆರಿಸುವ ತಾಳ್ಮೆಯ ಕೆಲಸ ಅದು. 2000ದಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಇಂಥ ಮೆಕ್ಕೆಜೋಳಕ್ಕೆ ಕ್ಯೂಪಿಎಂ, ಅಂದರೆ ಉತ್ತಮ ಪ್ರೊಟೀನಿನ ಮೆಕ್ಕೆಜೋಳ ಎಂದು ಹೆಸರು. ಹರಿಯಾಣದ ಎಚ್‌ಕ್ಯೂಪಿಎಂ-1 ತಳಿ ಬಂದದ್ದು ಆ ದಾರಿಯಲ್ಲಿ. 2017ರ ಪೂಸಾ ವಿವೇಕ್ ಕ್ಯೂಪಿಎಂ-9 ಸುಧಾರಿತ ತಳಿಯಲ್ಲಿ ಲೈಸೀನ್ ಜೊತೆಗೆ ಎ ಜೀವಸತ್ವದ ಮೂಲವಸ್ತುವೂ ಹೆಚ್ಚು.

ಇದರಿಂದ ಎಷ್ಟು ಲಾಭ? ಒಂದು ಕಿಲೋ ಫೀಡಿನಲ್ಲಿ 600 ಗ್ರಾಂ ಮೆಕ್ಕೆಜೋಳ ಇದೆಯೆನ್ನಿ. ಸಾಮಾನ್ಯ ತಳಿಯಿಂದ ಸಿಗುವ ಲೈಸೀನ್ ಒಂದು ಗ್ರಾಂನಿಂದ ಒಂದೂವರೆ ಗ್ರಾಂ. ಸುಧಾರಿತ ತಳಿಯಲ್ಲಿ ಅದರ ಒಂದೂವರೆಯಿಂದ ಎರಡು ಪಟ್ಟು. ಬ್ರಾಯ್ಲರ್ ಮರಿಗೆ ಕಿಲೋ ಫೀಡಿನಲ್ಲಿ ಬೇಕಾದದ್ದು ಸುಮಾರು 11 ಗ್ರಾಂ. ಅಂದರೆ ಸೋಯಾ ಹಿಂಡಿಯ ಪ್ರಮಾಣ ಸ್ವಲ್ಪ ತಗ್ಗಿಸಬಹುದು, ಬಿಟ್ಟುಬಿಡುವಂತಿಲ್ಲ. ದೊಡ್ಡ ಫಾರಂನವರು ಕಾರ್ಖಾನೆಯ ಲೈಸೀನ್ ಪುಡಿಯನ್ನೇ ಬೆರೆಸುತ್ತಾರೆ. ಅವರಿಗೆ ಈ ತಳಿಯ ಹಂಗು ಕಡಿಮೆ. ನನ್ನ ಮಟ್ಟಿಗೆ ಇದರ ನಿಜವಾದ ಹಕ್ಕುದಾರರು ಮನೆಯಲ್ಲಿ ಬೆಳೆದ ಜೋಳವನ್ನೇ ಹಿತ್ತಲಿನ ಗಿರಿರಾಜ ಕೋಳಿಗೋ ನಾಟಿ ಕೋಳಿಗೋ ಹಾಕುವ ಹೆಣ್ಣುಮಕ್ಕಳು. ಪುಡಿ ತರುವವರಿಲ್ಲದ ಆ ಮನೆಯಲ್ಲಿ ಕಾಳಿನೊಳಗಿನ ಲೈಸೀನೇ ಆಧಾರ.

ಬೆಳೆಯುವವರು ಒಂದು ಎಚ್ಚರ ವಹಿಸಬೇಕು. ಪಕ್ಕದ ಹೊಲದ ಸಾಮಾನ್ಯ ಮೆಕ್ಕೆಜೋಳದ ಪರಾಗ ಬಿದ್ದ ಕಾಳಿನಲ್ಲಿ ಹೆಚ್ಚು ಲೈಸೀನಿನ ಈ ಗುಣ ಉಳಿಯುವುದಿಲ್ಲ. ಆದ್ದರಿಂದ ದೂರದಲ್ಲಿ ಬಿತ್ತಬೇಕು, ಇಲ್ಲವೇ ಹೂ ಬಿಡುವ ಕಾಲ ಹೊಂದದಂತೆ ಹಿಂದೆಮುಂದೆ ಬಿತ್ತಬೇಕು.

ತಳಿ ಯಾವುದೇ ಇರಲಿ, ಸರಿಯಾಗಿ ಒಣಗಿಸದಿದ್ದರೆ ಎಲ್ಲವೂ ವ್ಯರ್ಥ. ಹಸಿ ಕಾಳಿನ ಮೊಳಕೆಯ ಬದಿಯಲ್ಲಿ ಹಸಿರುಮಿಶ್ರಿತ ಬೂಷ್ಟು ಕಂಡರೆ ಅಫ್ಲಾಟಾಕ್ಸಿನ್ ವಿಷ ಸೇರಿರುವ ಸಾಧ್ಯತೆ ಇದೆ. ಅದು ಕೋಳಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಮೊಟ್ಟೆ ಇಳಿಸುತ್ತದೆ, ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ತೇವಾಂಶ ನೂರಕ್ಕೆ ಹನ್ನೆರಡಕ್ಕೆ ಇಳಿಯುವವರೆಗೆ ಒಣಗಿಸಿ. ಹಲ್ಲಿಗಿಟ್ಟು ಕಡಿದಾಗ ಕಾಳು ಕಟಕ್ಕನೆ ಒಡೆಯಬೇಕು. ಬೂಷ್ಟು ಹಿಡಿದ ಕಾಳನ್ನು ಕೋಳಿಗೂ ಹಾಕಬೇಡಿ, ದನಕ್ಕೂ ಹಾಕಬೇಡಿ. ಬಿತ್ತನೆಗೆ ಮುಂಚೆ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿ, ಕ್ಯೂಪಿಎಂ ತಳಿಯ ಬೀಜ ನಿಮ್ಮ ನೆಲಕ್ಕೆ ಹೊಂದುವುದೇ ಎಂದು ಕೇಳಿ ತಿಳಿಯಿರಿ.